ಆರ್ಗ್ಯಾನಿಕ್ ಯಾರು ತಗೊಳ್ತಾರೆ?

ಪಿಯುಸಿ ಫಲಿತಾಂಶ ಬಂದು ಬಿ.ಎಸ್ಸಿ. ಪ್ರವೇಶ ಶುರುವಾಗುವ ದಿನಗಳಲ್ಲಿ, ಶಿವಮೊಗ್ಗದ ಕಾಲೇಜುಗಳ ಮುಂದೆ ಅರ್ಜಿ ಹಿಡಿದು ನಿಂತ ಮಕ್ಕಳು ಹಿರಿಯ ವಿದ್ಯಾರ್ಥಿಗಳನ್ನು ಮೊದಲು ಶುಲ್ಕದ ಬಗ್ಗೆ, ಆಮೇಲೆ ಹಾಸ್ಟೆಲ್ ಬಗ್ಗೆ ಕೇಳುತ್ತಾರೆ; ಅದಾದ ಮೇಲೆ ಬರುವ ಪ್ರಶ್ನೆ ಬಹುಮಟ್ಟಿಗೆ "ಆರ್ಗ್ಯಾನಿಕ್ ಯಾರು ತಗೊಳ್ತಾರೆ?", ಅಂದರೆ ಕಾರ್ಬನ್ ಸಂಯುಕ್ತಗಳನ್ನು ಕುರಿತ ಸಾವಯವ ರಸಾಯನಶಾಸ್ತ್ರದ ಪಾಠ ಯಾರದು, ಎಂಬುದೇ ಆಗಿರುತ್ತದೆ. ಥರ್ಮೋಡೈನಮಿಕ್ಸ್ ಯಾರು ಪಾಠ ಮಾಡುತ್ತಾರೆ, ಸಸ್ಯಶಾಸ್ತ್ರ ಯಾರದು ಎಂದು ಅಷ್ಟೇ ಆತಂಕದಿಂದ ವಿಚಾರಿಸಿದವರನ್ನು ನಾನು ಕಂಡಿಲ್ಲ. ಸಾಗರ ತಾಲ್ಲೂಕಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ನನ್ನ ಬಳಿಗೆ, ಇಲ್ಲಿಂದ ಓದಿ ಹೋದ ಹುಡುಗ ಹುಡುಗಿಯರು ರಜೆಯಲ್ಲಿ ಬಂದು ಕೂತಾಗಲೂ ಮಾತು ತಿರುಗುವುದು ಅದೇ ಕಡೆಗೆ: ಅವರ ಕಾಲೇಜಿನ ಆರ್ಗ್ಯಾನಿಕ್ ಸರ್ ಹೀಗೆ, ಮೇಡಂ ಹಾಗೆ.

ಇದಕ್ಕೆ ಕಾರಣ ವಿಷಯದ ಸ್ವಭಾವದಲ್ಲೇ ಇದೆ. ಭೌತ ರಸಾಯನಶಾಸ್ತ್ರದಲ್ಲಿ ಅಧ್ಯಾಪಕರು ಸಾಧಾರಣವಾಗಿದ್ದರೂ ಸೂತ್ರ ಕೈಹಿಡಿಯುತ್ತದೆ, ಲೆಕ್ಕ ಬಿಡಿಸುತ್ತಾ ಹೋದರೆ ಒಂದಷ್ಟು ತಿಳಿದೇ ತಿಳಿಯುತ್ತದೆ. ನಿರವಯವ ಭಾಗಕ್ಕೆ ಗೋಡೆಯ ಮೇಲಿನ ಆವರ್ತಕ ಕೋಷ್ಟಕವಾದರೂ ಇರುತ್ತದೆ. ಸಾವಯವ ರಸಾಯನಶಾಸ್ತ್ರವನ್ನು ಮಾತ್ರ ಒಬ್ಬರೇ ಪುಸ್ತಕ ತೆರೆದು ಓದಲು ಕೂತರೆ, ಕಣ್ಣಿಗೆ ಬೀಳುವುದು ನೂರಾರು ಕ್ರಿಯೆಗಳ ಪಟ್ಟಿ, ಕ್ಯಾನಿಜಾರೊ, ಗ್ರಿನ್ಯಾರ್, ವಾಲ್ಡನ್ ಎಂಬ ಹೆಸರುಗಳ ಸಾಲು, ಪ್ರತಿಯೊಂದರ ಪಕ್ಕದಲ್ಲಿ ಒಂದು ಕಾರಕ ಮತ್ತು ಒಂದು ತಾಪಮಾನ. ಇವೆಲ್ಲದರ ಹಿಂದೆ ನಾಲ್ಕೈದೇ ಕಾರಣಗಳು ಕೆಲಸ ಮಾಡುತ್ತಿವೆ ಎಂಬುದನ್ನು ಯಾರಾದರೂ ಕಪ್ಪುಹಲಗೆಯ ಮೇಲೆ ಕೈಯಾರೆ ತೋರಿಸದ ಹೊರತು, ಹದಿನೆಂಟರ ವಯಸ್ಸಿನವರು ತಾವಾಗಿ ಕಂಡುಕೊಳ್ಳುವುದು ಕಷ್ಟ. ಆದ್ದರಿಂದಲೇ ಇಲ್ಲಿ ಅಧ್ಯಾಪಕರ ಪಾಲು ಹೆಚ್ಚು, ಅವರ ಮೇಲಿನ ಪ್ರೀತಿಯೂ ಸಿಟ್ಟೂ ಹೆಚ್ಚು.

ಜನಪ್ರಿಯತೆಗೆ ಸಾಮಾನ್ಯವಾಗಿ ಹೇಳುವ ಕಾರಣಗಳನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಇಂಟರ್ನಲ್ಸ್‌ನಲ್ಲಿ ಕೈಬಿಚ್ಚಿ ಅಂಕ ಕೊಡುವವರು, ತರಗತಿಯಲ್ಲಿ ನಗಿಸುವವರು, ಹಾಜರಾತಿಯಲ್ಲಿ ಔದಾರ್ಯ ತೋರುವವರು ಎಲ್ಲರಿಗೂ ಬೇಕಾದವರೇ. ಇವರಲ್ಲದೆ ನೋಟ್ಸ್ ಬರೆಸುವ ಅಧ್ಯಾಪಕರ ಒಂದು ವರ್ಗವಿದೆ. ಅಚ್ಚುಕಟ್ಟಾಗಿ ಬರೆಸಿ, ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ನೋಡಿ "ಇದು ಈ ಸಲ ಬರುತ್ತದೆ" ಎಂದು ಗುರುತು ಹಾಕಿಸುತ್ತಾರೆ. ಅವರನ್ನು ಹಗುರವಾಗಿ ಕಾಣುವುದು ವಿದ್ಯಾವಂತರ ಒಂದು ಚಟ. ಹೊಸನಗರದ ಹಳ್ಳಿಯೊಂದರಿಂದ ಬಂದು, ಮನೆಗೆ ಮೊದಲ ಪದವೀಧರಳಾಗಲು ಹೊರಟವಳಿಗೆ ಆ ನೋಟ್ಸ್ ಎಷ್ಟು ದೊಡ್ಡ ಆಸರೆ ಎಂಬುದನ್ನು ಅದರ ಅಗತ್ಯ ಬೀಳದವರು ಅರಿಯರು. ಆದರೆ ಆ ಜನಪ್ರಿಯತೆ ಫಲಿತಾಂಶದ ದಿನದವರೆಗಿನದು. ಎಂ.ಎಸ್ಸಿ. ಪ್ರವೇಶ ಪರೀಕ್ಷೆಯಲ್ಲಿ ಎಂದೂ ಕಾಣದ ಒಂದು ಅಣುವನ್ನು ಮುಂದಿಟ್ಟು "ಇದು ಬೇಸ್ ಜೊತೆ ಏನಾಗುತ್ತದೆ?" ಎಂದು ಕೇಳಿದಾಗ, ಗುರುತು ಹಾಕಿಸಿಕೊಂಡ ಪುಟಗಳಲ್ಲಿ ಅದಕ್ಕೆ ಉತ್ತರ ಸಿಗುವುದಿಲ್ಲ.

ನಾನು ಶಿವಮೊಗ್ಗದಲ್ಲಿ ಪದವಿ ಓದುವಾಗ ನಮಗೆ ಆರ್ಗ್ಯಾನಿಕ್ ತೆಗೆದುಕೊಳ್ಳುತ್ತಿದ್ದ ಮೇಡಂ ಒಬ್ಬರಿದ್ದರು. ನಗಿಸುತ್ತಿರಲಿಲ್ಲ, ಅಂಕದ ವಿಷಯದಲ್ಲಿ ಬಿಗಿ, ತಡವಾಗಿ ಬಂದವರನ್ನು ಒಳಗೆ ಬಿಡುವಾಗ ಒಂದು ನೋಟ ಬೀರುತ್ತಿದ್ದರು, ಅಷ್ಟೇ ಸಾಕಾಗಿತ್ತು. ಆದರೂ ಬೇರೆ ಸೆಕ್ಷನ್ನಿನವರು ಬಂದು ಹಿಂದಿನ ಬೆಂಚುಗಳಲ್ಲಿ ಕೂರುತ್ತಿದ್ದರು. ಅವರ ಪಾಠದ ವಿಶೇಷವೇನೆಂದು ಆಗ ನಮ್ಮಲ್ಲಿ ಯಾರನ್ನಾದರೂ ಕೇಳಿದ್ದರೆ "ಅರ್ಥ ಆಗುತ್ತೆ" ಎಂದಷ್ಟೇ ಹೇಳುತ್ತಿದ್ದೆವು. ಈಗ ನಾನೂ ಹಲಗೆಯ ಮುಂದೆ ನಿಲ್ಲುವವನಾದ್ದರಿಂದ ಇನ್ನಷ್ಟು ಬಿಡಿಸಿ ಹೇಳಬಲ್ಲೆ: ಅವರು ಮುಂದೆ ಹಾಕಲಿರುವ ಬಾಣ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆಂದು ಅವರಿಗಿಂತ ಮೊದಲೇ ನಮಗೆ ಹೊಳೆಯುತ್ತಿತ್ತು. ಹಾಗೆ ಹೊಳೆಯುವಂತೆ ಅವರು ಪಾಠವನ್ನು ಕಟ್ಟಿರುತ್ತಿದ್ದರು. ವಿದ್ಯಾರ್ಥಿಗೆ ತಾನು ಜಾಣನೆನಿಸುವ ಆ ಕ್ಷಣಕ್ಕಿಂತ ದೊಡ್ಡ ಆಕರ್ಷಣೆ ಯಾವ ತರಗತಿಯಲ್ಲೂ ಇಲ್ಲವೆಂದು ನನ್ನ ಅನಿಸಿಕೆ.

ಬಾಗಿದ ಬಾಣ ಎಂದರೆ ಎಲೆಕ್ಟ್ರಾನ್ ಜೋಡಿಯ ಚಲನೆಯ ಗುರುತು. 1922ರ ಸುಮಾರಿಗೆ ರಾಬರ್ಟ್ ರಾಬಿನ್ಸನ್ ಇದನ್ನು ಬಳಕೆಗೆ ತಂದರು. ಬಾಣದ ಬುಡ ಎಲೆಕ್ಟ್ರಾನುಗಳು ಇರುವಲ್ಲಿ, ತುದಿ ಅವು ಹೋಗುವಲ್ಲಿ. ನಿಯಮ ಇಷ್ಟೇ ಆದರೂ ಅರ್ಧ ತರಗತಿ ಹೈಡ್ರೋಜನ್ ಅಯಾನಿನಿಂದಲೇ, ಅಂದರೆ ಎಲೆಕ್ಟ್ರಾನೇ ಇಲ್ಲದ ಬರಿಯ ಪ್ರೋಟಾನಿನಿಂದಲೇ, ಬಾಣ ಹೊರಡಿಸುತ್ತದೆ, ಏಕೆಂದರೆ ಚಲಿಸಿ ಬಂದು ಕೂಡಿಕೊಳ್ಳುವುದು ಅದೇ ಎಂದು ಮನಸ್ಸಿಗೆ ತೋರುತ್ತದೆ. ಮೇಡಂ ಬೇರೆ ಯಾವುದಕ್ಕೂ ಪಾಠ ನಿಲ್ಲಿಸುತ್ತಿರಲಿಲ್ಲ, ಇದಕ್ಕೆ ನಿಲ್ಲಿಸುತ್ತಿದ್ದರು. "ಪ್ರೋಟಾನಿನ ಹತ್ರ ಕೊಡೋಕೆ ಏನಿದೆ?" ಎಂದು ಕೇಳಿ, ಉತ್ತರ ಬರುವವರೆಗೆ ಸೀಮೆಸುಣ್ಣವನ್ನು ಹಲಗೆಯಿಂದ ತೆಗೆಯದೆ ನಿಂತಿರುತ್ತಿದ್ದರು.

ಅವರ ಪಾಠದಲ್ಲಿ ಮಾರ್ಕೊವ್ನಿಕಾಫ್ ನಿಯಮ ಬಂದ ದಿನವನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಪಿಯುಸಿಯಲ್ಲಿ ನಾವೆಲ್ಲ ಅದನ್ನು ಬಾಯಿಪಾಠ ಮಾಡಿಯೇ ಬಂದಿದ್ದೆವು: ದ್ವಿಬಂಧದ ಎರಡು ಕಾರ್ಬನ್‌ಗಳಲ್ಲಿ ಈಗಾಗಲೇ ಹೆಚ್ಚು ಹೈಡ್ರೋಜನ್ ಇರುವ ಕಾರ್ಬನ್ನಿಗೇ ಇನ್ನೊಂದು ಹೈಡ್ರೋಜನ್ ಸೇರುತ್ತದೆ. ಮೇಡಂ ಮೊದಲು ಹೇಳಿದ್ದು, 1870ರ ಸುಮಾರಿಗೆ ಆ ರಷ್ಯನ್ ವಿಜ್ಞಾನಿ ಈ ನಿಯಮವನ್ನು ಬರೆದಾಗ ಎಲೆಕ್ಟ್ರಾನ್ ಎಂಬುದೊಂದಿದೆ ಎಂದೇ ಯಾರಿಗೂ ಗೊತ್ತಿರಲಿಲ್ಲ, ಅದು ಪತ್ತೆಯಾದದ್ದು 1897ರಲ್ಲಿ ಎಂದು. ಅಂದರೆ ಅವರು ಕಂಡದ್ದನ್ನು ಹೇಳಿದರೇ ಹೊರತು ಕಾರಣವನ್ನಲ್ಲ. ಆಮೇಲೆ ಮೂರು ಕಾರ್ಬನ್ನುಗಳ ಪ್ರೊಪೀನ್ ಬರೆದು, ಹೈಡ್ರೋಜನ್ ಬ್ರೋಮೈಡಿನ ಪ್ರೋಟಾನ್ ತುದಿಯ ಕಾರ್ಬನ್ನಿಗೆ ಸೇರಿದರೆ ಧನಾವೇಶ ಎಲ್ಲಿ ಉಳಿಯುತ್ತದೆ, ನಡುವಿನದಕ್ಕೆ ಸೇರಿದರೆ ಎಲ್ಲಿ ಉಳಿಯುತ್ತದೆ ಎಂದು ಎರಡೂ ದಾರಿಗಳನ್ನು ಅಕ್ಕಪಕ್ಕ ಬರೆಸಿದರು. ಎರಡು ಕಡೆಗಳಿಂದ ಆಸರೆಯಿರುವ ಕಾರ್ಬೋಕ್ಯಾಟಯಾನ್ (ಧನಾವೇಶ ಹೊತ್ತ ಕಾರ್ಬನ್ ಇರುವ ಕಣ) ಹೆಚ್ಚು ಸ್ಥಿರ ಎಂಬುದು ಹಿಂದಿನ ವಾರವೇ ಆಗಿತ್ತು. ಹಾಗಾಗಿ ಬ್ರೋಮಿನ್ ನಡುವಿನ ಕಾರ್ಬನ್ನಿಗೆ ಸೇರಿದ 2-ಬ್ರೋಮೋಪ್ರೊಪೇನ್ ಎಂಬ ಉತ್ತರ ಅವರು ಬರೆಯುವ ಮೊದಲೇ ಬೆಂಚುಗಳಿಂದ ಬಂತು.

ಇಷ್ಟನ್ನು ಒಳ್ಳೆಯ ಅಧ್ಯಾಪಕರು ಯಾರಾದರೂ ಮಾಡುತ್ತಾರೆ. ಅವರು ಅಲ್ಲಿಗೆ ಬಿಡಲಿಲ್ಲ. ಅದೇ ಮಿಶ್ರಣಕ್ಕೆ ಚೂರು ಪೆರಾಕ್ಸೈಡ್ ಹಾಕಿದರೆ ಬ್ರೋಮಿನ್ ತುದಿಗೆ ಸೇರಿದ 1-ಬ್ರೋಮೋಪ್ರೊಪೇನ್ ಬರುತ್ತದೆ, ಇದನ್ನು 1933ರಲ್ಲಿ ಖರಾಷ್ ತೋರಿಸಿದರು, ಹಾಗಾದರೆ ನಾವು ಈಗಷ್ಟೇ ಕಂಡುಕೊಂಡ ಕಾರಣ ಸುಳ್ಳಾಯಿತೇ ಎಂದು ಕೇಳಿ ಸುಮ್ಮನಾದರು. ಸಾಮಾನ್ಯವಾಗಿ ಇದನ್ನು 'ವಿರುದ್ಧ ನಿಯಮ' ಎಂದು ಹೆಸರಿಟ್ಟು ಇನ್ನೊಂದು ಸಾಲಾಗಿ ಬಾಯಿಪಾಠ ಮಾಡಿಸುತ್ತಾರೆ. ಮೇಡಂ ಒಂದೇ ಸುಳಿವು ಕೊಟ್ಟರು: ಈ ಸಲ ಮೊದಲು ಬಂದು ಸೇರುವುದು ಹೈಡ್ರೋಜನ್ ಅಲ್ಲ, ಬ್ರೋಮಿನ್ ರಾಡಿಕಲ್, ಅಂದರೆ ಜೋಡಿಯಿಲ್ಲದ ಒಂಟಿ ಎಲೆಕ್ಟ್ರಾನ್ ಇರುವ ಬ್ರೋಮಿನ್ ಪರಮಾಣು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಸೊರಬದ ಕಡೆಯ ಒಬ್ಬ ಹುಡುಗ, ಅವನು ತರಗತಿಯಲ್ಲಿ ಬಾಯಿ ತೆರೆದದ್ದೇ ಕಡಿಮೆ, "ಮೇಡಂ, ಹಾಗಾದ್ರೆ ಬ್ರೋಮಿನ್ ತುದಿಗೆ ಹೋಗ್ಬೇಕು, ರಾಡಿಕಲ್ ಮಧ್ಯೆ ಉಳೀಬೇಕು, ಅಲ್ಲೇ ಅದು ಸ್ಟೇಬಲ್ಲು" ಎಂದ. ಎರಡೂ ಸಂದರ್ಭಗಳಲ್ಲಿ ನಡುವೆ ಹುಟ್ಟುವುದು ಹೆಚ್ಚು ಸ್ಥಿರವಾದ ಕಣವೇ. ಮೊದಲು ಸೇರುವುದು ಯಾವುದು ಎಂಬುದು ಬದಲಾದದ್ದರಿಂದ ಉತ್ಪನ್ನ ಬದಲಾಯಿತು. ಕಾರಣ ಒಂದೇ, ಫಲಿತಾಂಶ ಮಾತ್ರ ತಿರುವುಮುರುವು. ಆ ಹುಡುಗ ಆಮೇಲೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ ಹೋಗಿ ರಸಾಯನಶಾಸ್ತ್ರದಲ್ಲೇ ಎಂ.ಎಸ್ಸಿ. ಮಾಡಿದ. ಅವನನ್ನು ಮೇಡಂ ಅಂದು ಹೊಗಳಲೂ ಇಲ್ಲ; "ಹೈಡ್ರೋಜನ್ ಕ್ಲೋರೈಡಿಗೆ ಇದು ಯಾಕೆ ಆಗಲ್ಲ, ನಾಳೆ ಬಂದು ಹೇಳು" ಎಂದು ಇನ್ನೊಂದು ಪ್ರಶ್ನೆ ಹೊರಿಸಿ ಕಳಿಸಿದರು. ನನ್ನ ಮಟ್ಟಿಗೆ ಜನಪ್ರಿಯ ಅಧ್ಯಾಪಕರ ಮೆಚ್ಚುಗೆ ಇರಬೇಕಾದದ್ದು ಹಾಗೆಯೇ.

ಹೋಲಿಕೆಗಳನ್ನು ಅವರು ಅಪರೂಪಕ್ಕೆ ಬಳಸುತ್ತಿದ್ದರು. ಒಂದು ಮಾತ್ರ ಎಲ್ಲ ಬ್ಯಾಚುಗಳಿಗೂ ಪರಿಚಿತ: ನ್ಯೂಕ್ಲಿಯೋಫೈಲ್ (ಎಲೆಕ್ಟ್ರಾನ್ ಜೋಡಿ ಕೊಡಲು ಸಿದ್ಧವಿರುವ ಕಣ) ಎಂದರೆ ಮಳೆಗಾಲದ ಉಂಬಳ, ಅಂದರೆ ಕಾಡಿನ ಜಿಗಣೆ. ಎಲೆಕ್ಟ್ರಾನ್ ಕೊರತೆಯಿರುವ ಕಾರ್ಬನ್ನನ್ನು ಅದು ಹುಡುಕಿಕೊಂಡು ಬರುತ್ತದೆ, ಬರಿಗಾಲು ಸಿಕ್ಕರೆ ಹತ್ತುತ್ತದೆ, ಕಾಲಿಗೆ ದಪ್ಪ ಚೀಲ ಸುತ್ತಿಕೊಂಡವರಲ್ಲಿ ಅದಕ್ಕೆ ಜಾಗ ಸಿಗುವುದಿಲ್ಲ. ಮೂರೂ ಕಡೆ ಮೀಥೈಲ್ ಗುಂಪುಗಳಿಂದ ಸುತ್ತುವರಿದ ಕಾರ್ಬನ್ನಿನ ಮೇಲೆ, ಬರುವ ಗುಂಪೂ ಹೊರಡುವ ಗುಂಪೂ ಒಂದೇ ಹೆಜ್ಜೆಯಲ್ಲಿ ಅದಲುಬದಲಾಗುವ ಎಸ್‌ಎನ್2 ಕ್ರಿಯೆ ನಡೆಯದಿರುವುದು ಅದಕ್ಕೇ. ತೀರ್ಥಹಳ್ಳಿ, ಆಗುಂಬೆ ಕಡೆಯ ಹುಡುಗರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಕಿರಲಿಲ್ಲ. ಆದರೆ ಅದರ ಬೆನ್ನಿಗೇ ಅವರು ಹೋಲಿಕೆ ಎಲ್ಲಿ ಮುರಿಯುತ್ತದೆಂದೂ ಹೇಳುತ್ತಿದ್ದರು: ಉಂಬಳ ಯಾವ ಕಡೆಯಿಂದಾದರೂ ಹತ್ತಬಹುದು, ಎಸ್‌ಎನ್2ನಲ್ಲಿ ಬರುವುದು ಹೊರಟುಹೋಗುವ ಗುಂಪಿನ ನೇರ ಬೆನ್ನ ಕಡೆಯಿಂದ ಮಾತ್ರ, ಆದ್ದರಿಂದಲೇ ಅಣುವಿನ ವಿನ್ಯಾಸ ಒಳಹೊರಗಾಗುತ್ತದೆ, 1896ರಲ್ಲಿ ವಾಲ್ಡನ್ ಕಂಡದ್ದು ಇದನ್ನೇ. ಹೋಲಿಕೆ ಕೊಟ್ಟು ಚಪ್ಪಾಳೆ ಗಿಟ್ಟಿಸುವವರು ಬಹಳ ಜನ. ಅದರ ಮಿತಿ ಹೇಳಿ ಮುಂದಕ್ಕೆ ಹೋಗುವವರು ಕಡಿಮೆ.

ಸ್ಥಳೀಯ ಉದಾಹರಣೆಗಳ ವಿಷಯದಲ್ಲೂ ನನಗೆ ಸ್ವಲ್ಪ ಗುಮಾನಿಯಿದೆ. ಮಲೆನಾಡಿನ ಅಧ್ಯಾಪಕರಿಗೆ ಸಾವಯವ ರಸಾಯನಶಾಸ್ತ್ರದ ಸಾಮಗ್ರಿಗೆ ಬರವಿಲ್ಲ: ಕಾಳುಮೆಣಸಿನಲ್ಲಿ ಪೈಪರೀನ್, ಏಲಕ್ಕಿಯಲ್ಲಿ ಸಿನಿಯೋಲ್, ದಾಲ್ಚಿನ್ನಿಯಲ್ಲಿ ಸಿನಮಾಲ್ಡಿಹೈಡ್, ಶ್ರೀಗಂಧದಲ್ಲಿ ಸ್ಯಾಂಟಲಾಲ್, ಉಪ್ಪಾಗೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಹೆಸರುಗಳನ್ನು ಹೀಗೆ ಪೋಣಿಸಿ "ನೋಡಿ, ರಸಾಯನಶಾಸ್ತ್ರ ನಮ್ಮ ತೋಟದಲ್ಲೇ ಇದೆ" ಎಂದು ಮುಗಿಸಿಬಿಟ್ಟರೆ ಅದು ಅಲಂಕಾರವಷ್ಟೇ ಆಗುತ್ತದೆ. ಉದಾಹರಣೆಯಿಂದ ಒಂದು ಪ್ರಶ್ನೆ ಹುಟ್ಟಿ, ಆ ಪ್ರಶ್ನೆಗೆ ಅಂದಿನ ಪಾಠದಿಂದಲೇ ಉತ್ತರ ಸಿಗಬೇಕು. ನಮ್ಮ ಮೇಡಂ ಎಸ್ಟರ್ ಪಾಠದಲ್ಲಿ ಕೇಳಿದ್ದು "ಕವಳಕ್ಕೆ ಸುಣ್ಣ ಯಾಕೆ ಹಚ್ತೀರಿ?" ಎಂದು. ಕವಳವೆಂದರೆ ಎಲೆ ಅಡಿಕೆ. ಅಡಿಕೆಯಲ್ಲಿರುವ ಅರೆಕೋಲಿನ್ ಒಂದು ಮೀಥೈಲ್ ಎಸ್ಟರ್, ಅಂದರೆ ಆಮ್ಲವೂ ಮೆಥನಾಲೂ ಕೂಡಿದಂಥ ಸಂಯುಕ್ತ. ಸುಣ್ಣದ ಕ್ಷಾರ ಅದನ್ನು ಒಡೆದು ಅರೆಕೈಡಿನ್ ಎಂಬ ಆಮ್ಲವಾಗಿಸುತ್ತದೆ. ಸಾಬೂನು ತಯಾರಿಯಲ್ಲಿ ಎಣ್ಣೆಗೆ ಆಗುವುದೇ ಇಲ್ಲಿ ಬಾಯಿಯೊಳಗೆ ಆಗುತ್ತಿದೆ. ಅರಿಸಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುವುದನ್ನು ಆರತಿಯ ತಟ್ಟೆಯಲ್ಲಿ ಕಂಡವರಿಗೆ, ಕರ್ಕ್ಯುಮಿನ್ನಿನ ಫೀನಾಲ್ ಗುಂಪುಗಳು ಕ್ಷಾರದಲ್ಲಿ ಪ್ರೋಟಾನ್ ಕಳೆದುಕೊಂಡಾಗ ಎಲೆಕ್ಟ್ರಾನುಗಳು ಅಣುವಿನುದ್ದಕ್ಕೂ ಇನ್ನಷ್ಟು ಹರಡಿಕೊಂಡು, ಹೀರುವ ಬೆಳಕು ಹೆಚ್ಚು ತರಂಗಾಂತರದ ಕಡೆಗೆ ಸರಿಯುತ್ತದೆಂದು ತೋರಿಸಿದ್ದೂ ಅದೇ ಸೆಮಿಸ್ಟರಿನಲ್ಲಿ.

ಅಡಿಕೆಯ ಮಾತು ಬಂದಾಗ ಅವರು ಇನ್ನೊಂದನ್ನೂ ಮುಚ್ಚಿಡಲಿಲ್ಲ. ಅರೆಕೋಲಿನ್‌ನಿಂದ ನೈಟ್ರೋಸಮೈನ್‌ಗಳು ಎಂಬ ಕ್ಯಾನ್ಸರ್ ತರಬಲ್ಲ ಸಂಯುಕ್ತಗಳು ಹುಟ್ಟಬಲ್ಲವು, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2004ರಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ ಎಂದು ನೇರವಾಗಿ ಹೇಳಿದರು. ಅರ್ಧ ತರಗತಿಯ ಶುಲ್ಕ ಅಡಿಕೆ ಮಾರಿದ ದುಡ್ಡಿನಿಂದ ಬಂದದ್ದು. ಒಂದಿಬ್ಬರು ಎದ್ದು ವಾದಿಸಿದರು ಕೂಡ. ಅವರು ವಾದವನ್ನು ಕೇಳಿಕೊಂಡರು, ರಚನೆಯನ್ನು ಮತ್ತೊಮ್ಮೆ ಬರೆದು ಸಾರಜನಕದ ಬಳಿ ಏನಾಗುತ್ತದೆಂದು ತೋರಿಸಿದರು, ತೋಟದವರನ್ನು ಹೀಗಳೆಯುವ ಒಂದು ಮಾತನ್ನೂ ಆಡಲಿಲ್ಲ. ಜನರಿಗೆ ಬೇಡವಾದದ್ದನ್ನು ಹೇಳಿಯೂ ಬೇಕಾದವರಾಗಿ ಉಳಿಯುವುದು ಹೇಗೆಂಬುದಕ್ಕೆ ನಾನು ಕಂಡ ಒಳ್ಳೆಯ ಪಾಠ ಅದು.

ಭದ್ರಾವತಿಯನ್ನೂ ಇಲ್ಲಿ ನೆನೆಯಬೇಕು. 1923ರಲ್ಲಿ ಅಲ್ಲಿನ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದ್ದು ಇದ್ದಿಲಿನ ಬಲದಿಂದ. ಅದಕ್ಕಾಗಿ ಸುತ್ತಲಿನ ಕಾಡಿನ ಮರವನ್ನು ಗಾಳಿಯಾಡದಂತೆ ಕಾಯಿಸಿ ಬಟ್ಟಿಯಿಳಿಸುವ ಘಟಕವೇ ಇತ್ತು. ಮರವನ್ನು ಹಾಗೆ ಕಾಯಿಸಿದರೆ ಇದ್ದಿಲಿನ ಜೊತೆಗೆ ಮೆಥನಾಲ್, ಅಸಿಟಿಕ್ ಆಮ್ಲ, ಟಾರ್ ಸಿಗುತ್ತವೆ. ಆ ಆಮ್ಲವನ್ನು ಸುಣ್ಣದಿಂದ ಹಿಡಿದಿಟ್ಟರೆ ಕ್ಯಾಲ್ಸಿಯಂ ಅಸಿಟೇಟ್, ಅದನ್ನು ಒಣಗಿಸಿ ಕಾಯಿಸಿದರೆ ಅಸಿಟೋನ್. ಪಠ್ಯದಲ್ಲಿ ಒಂದು ಸಾಲಿನ 'ತಯಾರಿಕಾ ವಿಧಾನ'ವಾಗಿ ಬಿದ್ದಿರುವ ಈ ಕ್ರಿಯೆಯ ಹಿಂದೆ ಶಿವಮೊಗ್ಗದಿಂದ ಹದಿನೆಂಟು ಕಿಲೋಮೀಟರಿನಾಚೆಯ ಊರಿನ ಚರಿತ್ರೆಯೊಂದಿದೆ ಎಂದು ತಿಳಿದರೆ, ಆ ಸಾಲು ಮತ್ತೆ ಮರೆಯುವುದಿಲ್ಲ.

ಪ್ರಯೋಗಾಲಯದ ಮಾತಿಗೆ ಬರುತ್ತೇನೆ. ತರಗತಿಯಲ್ಲಿ ಮಿಂಚುವ ಎಷ್ಟೋ ಅಧ್ಯಾಪಕರು ಪ್ರಾಕ್ಟಿಕಲ್ ದಿನ ರಿಜಿಸ್ಟರಿಗೆ ಸಹಿ ಹಾಕಿ, ಉಳಿದದ್ದನ್ನು ಅಟೆಂಡರ್ ಮೇಲೆ ಬಿಟ್ಟು ಹೋಗುತ್ತಾರೆ. ವಿದ್ಯಾರ್ಥಿಗಳು ಅದನ್ನು ಕ್ಷಮಿಸುವುದಿಲ್ಲ, ಏಕೆಂದರೆ ಆರ್ಗ್ಯಾನಿಕ್ ಲ್ಯಾಬಿನಲ್ಲಿ ಭಯ ನಿಜವಾದದ್ದು: ಸೋಡಿಯಂ ಸಮ್ಮಿಲನ ಪರೀಕ್ಷೆಯಲ್ಲಿ ಕೆಂಪಗೆ ಕಾದ ನಳಿಕೆಯನ್ನು ನೀರಿಗೆ ಅದ್ದುವಾಗ ಯಾರದಾದರೂ ಕೈ ನಡುಗದೆ ಇರುವುದಿಲ್ಲ. ಪಕ್ಕದಲ್ಲಿ ನಿಂತಿರುವವರು ಬೇಕು. ಆಲ್ಡಿಹೈಡ್ ಪತ್ತೆಗೆ ಬೇಕಾದ ಬೆಳ್ಳಿಯ ದ್ರಾವಣವಾದ ಟಾಲೆನ್ಸ್ ಕಾರಕವನ್ನು ಬಳಸುವ ಹೊತ್ತಿಗೇ ತಯಾರಿಸಿ ಅಂದೇ ಚೆಲ್ಲಬೇಕು, ಇಟ್ಟರೆ ಸ್ಫೋಟಕ ವಸ್ತು ಉಂಟಾಗುತ್ತದೆ ಎಂಬುದನ್ನು ಕಾರಣಸಹಿತ ಹೇಳುವವರು ಬೇಕು. ಬೆಳ್ಳಿಯ ಕನ್ನಡಿ ಮೂಡದೆ ಕಪ್ಪು ಪುಡಿ ಬಿದ್ದಾಗ ಬೈಯದೆ, ನಳಿಕೆಗೆ ಜಿಡ್ಡಂಟಿದೆ, ತೊಳೆದು ಮತ್ತೆ ಮಾಡು ಎನ್ನುವವರು ಬೇಕು.

ನಮ್ಮ ಮಳೆಗಾಲ ಇದಕ್ಕೆ ಇನ್ನೊಂದು ತೊಡಕನ್ನು ಸೇರಿಸುತ್ತದೆ. ಜುಲೈ ತಿಂಗಳಿನಲ್ಲಿ ಅಸಿಟನಿಲೈಡ್ ತಯಾರಿಸಿ, ಬಿಸಿನೀರಿನಿಂದ ಮರುಸ್ಫಟಿಕೀಕರಿಸಿ, ಸೋಸುಕಾಗದದ ಮೇಲೆ ಹರಡಿ ಬಿಟ್ಟರೆ ಅದು ವಾರವಾದರೂ ಸರಿಯಾಗಿ ಒಣಗುವುದಿಲ್ಲ. ಶುದ್ಧ ಅಸಿಟನಿಲೈಡ್ ಕರಗುವುದು 114 ಡಿಗ್ರಿ ಸೆಲ್ಸಿಯಸ್ ಹತ್ತಿರ. ತೇವವಿದ್ದರೆ ಅದಕ್ಕಿಂತ ಕೆಳಗೆ ಕರಗಲಾರಂಭಿಸಿ ಹಲವು ಡಿಗ್ರಿಗಳವರೆಗೆ ಎಳೆಯುತ್ತದೆ. ಎಲ್ಲ ಕಾಲೇಜುಗಳಲ್ಲೂ ಎಲ್ಲರ ರೆಕಾರ್ಡಿನಲ್ಲೂ 114 ಎಂದೇ ಇರುತ್ತದೆ, ಅದು ಎಲ್ಲರಿಗೂ ತಿಳಿದ ಗುಟ್ಟು. ಮೇಡಂ ಮೊದಲ ಪ್ರಾಕ್ಟಿಕಲ್‌ನಲ್ಲೇ "ಬಂದಿದ್ದನ್ನೇ ಬರೀರಿ, ಯಾಕೆ ಹಾಗೆ ಬಂತು ಅನ್ನೋದಕ್ಕೆ ನಾನು ಅಂಕ ಕೊಡ್ತೀನಿ" ಎಂದಿದ್ದರು, ಹಾಗೆಯೇ ನಡೆದುಕೊಂಡರು. ಸುಳ್ಳು ಬರೆಯಬೇಕಾದ ಒತ್ತಡದಿಂದ ಬಿಡುಗಡೆಯಾದ ವಿದ್ಯಾರ್ಥಿಗೆ ಲ್ಯಾಬ್ ಎಷ್ಟು ಹಗುರವೆನಿಸುತ್ತದೆ ಎಂಬುದನ್ನು ಅಧಿಕ ಅಂಕ ಹಂಚುವವರು ಊಹಿಸಲಾರರು.

ಮಲೆನಾಡಿನ ಕಾಲೇಜುಗಳಲ್ಲಿ ಜನಪ್ರಿಯತೆಗೆ ಬಸ್ಸಿನ ವೇಳಾಪಟ್ಟಿಯೂ ಸಂಬಂಧಿಸಿದೆ ಎಂದರೆ ಹೊರಗಿನವರಿಗೆ ನಗು ಬರಬಹುದು. ಸಂಜೆ ವಿಶೇಷ ತರಗತಿ ಇಟ್ಟ ಅಧ್ಯಾಪಕರು ಎಷ್ಟೇ ಚೆನ್ನಾಗಿ ಕಲಿಸಲಿ, ಊರಿನ ಕೊನೆಯ ಬಸ್ಸು ತಪ್ಪಿಸಿಕೊಳ್ಳುವ ಹುಡುಗಿಯ ಕಿವಿಗೆ ಅದು ಬೀಳುವುದಿಲ್ಲ. ನಮ್ಮವರು ಸಂಶಯಗಳಿಗೆ ಬೆಳಗಿನ ಹೊತ್ತನ್ನೇ ಮೀಸಲಿಟ್ಟಿದ್ದರು, ಏಕೆಂದರೆ ಹಳ್ಳಿಯ ಬಸ್ಸುಗಳು ತರಗತಿಗಿಂತ ಸಾಕಷ್ಟು ಮೊದಲೇ ಮಕ್ಕಳನ್ನು ತಂದಿಳಿಸುತ್ತವೆ. ಮಳೆಯ ರಜೆಗಳು ಎಷ್ಟು ಪಾಠ ತಿನ್ನುತ್ತವೆಂದು ತಿಳಿದಿದ್ದರಿಂದ ಕ್ರಿಯಾವಿಧಾನಗಳನ್ನು ಮೊದಲು ಮುಗಿಸಿ, ಓದಿಕೊಂಡರೆ ತಿಳಿಯುವ ಭಾಗಗಳನ್ನು ಕೊನೆಗೆ ಇಡುತ್ತಿದ್ದರು. ಕನ್ನಡ ಮಾಧ್ಯಮದಿಂದ ಬಂದವರು ತರಗತಿಯಲ್ಲಿ ಕನ್ನಡದಲ್ಲೇ ಉತ್ತರ ಹೇಳಬಹುದಿತ್ತು. ಆ ಉತ್ತರವನ್ನು ಪರೀಕ್ಷೆಗೆ ಬೇಕಾದ ಇಂಗ್ಲಿಷಿನಲ್ಲಿ ಅವರೇ ಹಲಗೆಯ ಮೇಲೆ, ಹೇಳಿದವರ ಹೆಸರು ಸಮೇತ ಬರೆಯುತ್ತಿದ್ದರು.

ಈಗಿನ ಮಕ್ಕಳು ಮೊಬೈಲಿನಲ್ಲಿ ದೇಶದ ಅತ್ಯುತ್ತಮ ಪಾಠಗಳನ್ನು ನೋಡಿಕೊಂಡೇ ತರಗತಿಗೆ ಬರುತ್ತಾರೆ, ಹಾಗಾಗಿ ಕಾಲೇಜಿನ ಅಧ್ಯಾಪಕರ ಕಾಲ ಮುಗಿಯಿತು ಎಂಬ ಮಾತು ಸ್ಟಾಫ್ ರೂಮುಗಳಲ್ಲಿ ಕೇಳಿಬರುತ್ತದೆ. ನನಗೆ ಹಾಗನ್ನಿಸುವುದಿಲ್ಲ. ವಿಡಿಯೊದಲ್ಲಿನ ಬಾಣ ಸರಿಯಾಗಿಯೇ ಇರುತ್ತದೆ, ಆದರೆ ನೋಡುವವನು ತನ್ನ ಪುಸ್ತಕದಲ್ಲಿ ಬಾಣವನ್ನು ಪ್ರೋಟಾನಿನಿಂದ ಹೊರಡಿಸಿದ್ದನ್ನು ಅದು ಕಾಣದು.

ಮೇಡಂಗೂ ಒಂದು ದುರ್ಬಲ ಜಾಗವಿತ್ತು. ಅಣು ಹೀರುವ ಬೆಳಕು, ರೇಡಿಯೊ ಅಲೆಗಳಿಂದ ಅದರ ರಚನೆ ತಿಳಿಯುವ ಸ್ಪೆಕ್ಟ್ರೋಸ್ಕೋಪಿಯನ್ನು ಅವರು ಬೇಗ ಬೇಗ ಮುಗಿಸುತ್ತಿದ್ದರು, ಅದರಲ್ಲೂ ಅಣುವಿನ ಹೈಡ್ರೋಜನ್ನುಗಳನ್ನು ಗುರುತಿಸುವ ಎನ್‌ಎಂಆರ್ ಬಂದರೆ ಅವರ ಸೀಮೆಸುಣ್ಣದ ವೇಗವೇ ಬೇರೆಯಾಗುತ್ತಿತ್ತು. ಅದೇ ವಿಭಾಗದಲ್ಲಿ ಮಾತು ಕಡಿಮೆಯ, ಯಾರೂ ಜನಪ್ರಿಯರೆಂದು ಕರೆಯದ ಇನ್ನೊಬ್ಬ ಅಧ್ಯಾಪಕರಿದ್ದರು. ಮೇಡಂ ನಮ್ಮನ್ನು ಅವರ ಬಳಿಗೇ ಕಳಿಸುತ್ತಿದ್ದರು, "ಅವರನ್ನ ಕೇಳಿ, ನನಗಿಂತ ಚೆನ್ನಾಗಿ ಹೇಳ್ತಾರೆ" ಎಂದು. ಆ ಸರ್ ಯಾವ ಪೀಠಿಕೆಯೂ ಇಲ್ಲದೆ ಕಾಗದದ ಮೇಲೆ ಮೂರು ಬಗೆಯ ಹೈಡ್ರೋಜನ್ನುಗಳ ಪ್ರಮಾಣವನ್ನು ಸೂಚಿಸುವ ಮೂರು ಗೆರೆಗಳನ್ನು 3:2:1ರ ಎತ್ತರದಲ್ಲಿ ಎಳೆದು, ಇದು ಎರಡು ಕಾರ್ಬನ್‌ಗಳ ಒಂದು ಅಣು, ಯಾವುದೆಂದು ಹೇಳಿ ಎಂದು ನಮ್ಮ ಕೈಗೆ ಕೊಟ್ಟು ತಮ್ಮ ಕೆಲಸಕ್ಕೆ ಮರಳುತ್ತಿದ್ದರು. ಎಥನಾಲ್ ಎಂದು ಕಂಡುಕೊಳ್ಳಲು ನಮಗೆ ಸಾಕಷ್ಟು ಹೊತ್ತು ಬೇಕಾಗುತ್ತಿತ್ತು, ಅವರು ಅವಸರಪಡಿಸುತ್ತಿರಲಿಲ್ಲ. ಅಂತಿಮ ವರ್ಷದ ಎರಡನೇ ಸೆಮಿಸ್ಟರ್ ಹೊತ್ತಿಗೆ ಅವರ ಕೋಣೆಯ ಮುಂದೆಯೂ ಸಾಲು ನಿಲ್ಲತೊಡಗಿತ್ತು.